ಹಳೇ ಡಬ್ಬಿಗಳ ಕಾಯಿಲಕ್ಕ

ಬೆಳಗಿನ ಜಾವ ಐದು ಗಂಟೆ. ಬೀದಿಯಲ್ಲಿ ಇನ್ನೂ ಒಂದು ಗಾಡಿ ಓಡಿಲ್ಲ, ಪಕ್ಕದ ಮನೆಯ ನಲ್ಲಿ ತಿರುಗಿಲ್ಲ. ಮುಂದಿನ ಕೋಣೆಯ ಮೇಜಿನ ಮೇಲೆ ಹದಿನೈದು ಇಂಚಿನ ಸ್ಪೀಕರೊಂದನ್ನು ಅಂಗಾತ ಮಲಗಿಸಿ, ಐವತ್ತೆಂಟರ ಹೆಂಗಸೊಬ್ಬರು ಅದರ ಮೇಲೆ ಬಗ್ಗಿದ್ದಾರೆ. ಎರಡೂ ಹೆಬ್ಬೆರಳುಗಳಿಂದ ಕಪ್ಪು ಕಾಗದದ ಕೋನನ್ನು ಮೆಲ್ಲಗೆ ಒತ್ತುತ್ತಾರೆ, ಬಿಡುತ್ತಾರೆ. ಕಿವಿ ಕೋನಿಗೆ ತಾಗುವಷ್ಟು ಹತ್ತಿರವಿದೆ. ಉಸಿರು ಬಿಗಿಹಿಡಿದಿದ್ದಾರೆ. ನಾನೂ ಹಿಡಿದಿದ್ದೇನೆ, ಬೇರೆ ದಾರಿಯಿಲ್ಲ. ಪತ್ರಿಕೆಗೆ ಬರೆಯಲೆಂದು ಬಂದ ಕೂಡಲೇ ನನ್ನ ಮೊಬೈಲನ್ನೂ ಚಪ್ಪಲಿಯ ಜೊತೆ ಹೊರಗೇ ಬಿಡಿಸಿದ್ದಾರೆ.

“ಕೇಳಿಸ್ತಾ?” ಎನ್ನುತ್ತಾರೆ. ಏನೂ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

“ಅದೇ ಬೇಕಾಗಿದ್ದು. ಒಳಗೆ ಕಾಯಿಲ್ ಉಜ್ಜಿದ್ರೆ ಮರಳು ತುಳಿದ ಹಾಗೆ ಸದ್ದು ಬರುತ್ತೆ. ಈ ಹೊತ್ತು ಬಿಟ್ರೆ ಆಮೇಲೆ ಅದು ಕೇಳ್ಸಲ್ಲ. ಬೆಳಗಾಯ್ತು ಅಂದ್ರೆ ಊರೇ ಉಜ್ಜೋಕೆ ಶುರು ಮಾಡುತ್ತೆ.”

ಊರಿನ ಬಾಯಲ್ಲಿ ಇವರು ಕಾಯಿಲಕ್ಕ. ಸ್ವಂತ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಇದೆಯಂತೆ. ಪಾರ್ಟಿಗಳಲ್ಲಿ ಕಿಟಕಿ ಗಾಜು ನಡುಗಿಸುವ ದೊಡ್ಡ ಸ್ಪೀಕರುಗಳು ಸುಟ್ಟು ಮೂಕವಾದಾಗ ಬಂದು ಸೇರುವುದು ಈ ಮೇಜಿಗೆ. ಪ್ರತಿ ಸ್ಪೀಕರಿನ ಹೊಟ್ಟೆಯೊಳಗೆ, ಅಯಸ್ಕಾಂತದ ಸಂದಿಯಲ್ಲಿ, ಬಳೆಯಾಕಾರದಲ್ಲಿ ಸುತ್ತಿದ ತಂತಿಯ ಸುರುಳಿಯೊಂದಿರುತ್ತದೆ. ಅದೇ ಕಾಯಿಲ್. ಕರೆಂಟ್ ಹರಿದಾಗ ಅದು ಹಿಂದೆ ಮುಂದೆ ಜಿಗಿಯುತ್ತದೆ, ತನಗಂಟಿದ ಕೋನನ್ನೂ ಎಳೆದಾಡುತ್ತದೆ. ನಾವು ಕುಣಿಯುವುದು ಆ ಎಳೆದಾಟಕ್ಕೆ.

ಇವತ್ತು ಮೇಜಿನ ಮೇಲಿರುವ ಎರಡು ಸ್ಪೀಕರುಗಳಿಗೆ ಮಾತ್ರ ಕಷ್ಟಕಾಲ. ಒಂಬತ್ತು ಗಂಟೆಗೆ ಪಾರ್ಟಿ ಹಾಲಿನಲ್ಲಿ ಇವುಗಳ ಪರೀಕ್ಷೆ. ಪಾಸಾಗದಿದ್ದರೆ, ಇವೂ ಇವುಗಳ ಆರು ಒಡಹುಟ್ಟುಗಳೂ ಹತ್ತೂವರೆಗೆ ಬರುವ ಗುಜರಿ ಗಾಡಿ ಹತ್ತುತ್ತವೆ. ಇವುಗಳ ಜೊತೆ ತಮ್ಮ ನಲವತ್ತೊಂದು ವರ್ಷದ ಹೆಸರೂ ಹತ್ತುತ್ತದೆಂದು ಕಾಯಿಲಕ್ಕನಿಗೆ ಗೊತ್ತು. ಆದರೂ ಆರಾಮಾಗಿ ಚಹಾ ಸೋಸುತ್ತಾರೆ.

“ನನ್ನ ಕಾಯಿಲಲ್ಲಿ ತಪ್ಪಿಲ್ಲ. ಇದ್ದಿದ್ರೆ ಈ ಹೊತ್ತಿಗೆ ಅದು ನಂಗೆ ಹೇಳಿರ್ತಿತ್ತು” ಎನ್ನುತ್ತಾರೆ.

ಕೆಲಸ ಕಲಿಸಿದ್ದು ಸೋದರಮಾವ. ಅವರದು ರೇಡಿಯೊ ರಿಪೇರಿಯ ಪುಟ್ಟ ಅಂಗಡಿ, ದಪ್ಪ ಬೆರಳು. ಹದಿನೇಳರ ಸೊಸೆಯ ಬೆರಳು ತೆಳ್ಳಗಿವೆ ಎಂದು ಒಂದು ದಿನ ತಂತಿಯ ಉಂಡೆ ಕೈಗಿತ್ತವರು ಮತ್ತೆ ವಾಪಸು ಕೇಳಲಿಲ್ಲ. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಗಿರಾಕಿಗಳು ಗೊಣಗುತ್ತಿದ್ದರಂತೆ. ತಾವು ಸರಿಮಾಡಿದ ಸ್ಪೀಕರನ್ನು ಮಾವನ ಕೈಯಿಂದಲೇ ವಾಪಸು ಕೊಡಿಸಬೇಕಾಗಿದ್ದ ಆ ಮೂರು ವರ್ಷಗಳನ್ನು ನೆನೆದರೆ ಕಾಯಿಲಕ್ಕನಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಾವ ಹೇಳಿಕೊಟ್ಟದ್ದರಲ್ಲಿ ಒಂದು ಮಾತನ್ನು ಈಗಲೂ ಗೋಡೆಗೆ ಬರೆದಿಟ್ಟುಕೊಂಡಿದ್ದಾರೆ: ‘ಮೊದಲು ಹೇಗಿತ್ತು ನೋಡು, ಆಮೇಲೆ ಬಿಚ್ಚು.’

ದಿನಕ್ಕೆ ಎರಡು ಸ್ಪೀಕರು, ಕೈ ಕೂಡಿ ಬಂದರೆ ಮೂರು. ಒಂದೊಂದು ಕಾಯಿಲಿಗೂ ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ ತೊಂಬತ್ತರಿಂದ ನೂರು ಸುತ್ತು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು. ಅಯಸ್ಕಾಂತದ ಸಂದಿಯಲ್ಲಿ ಕಾಯಿಲಿಗೆ ಸಿಗುವ ಜಾಗ ಪೋಸ್ಟ್ ಕಾರ್ಡಿನ ದಪ್ಪದಷ್ಟು. ಅದು ನಟ್ಟನಡುವೆ ಕೂರಲೆಂದು ಸುತ್ತಲೂ ಹಳೆಯ ಎಕ್ಸ್‌ರೇ ಹಾಳೆಯ ಪಟ್ಟಿಗಳನ್ನು ಸಿಕ್ಕಿಸಿ, ಅಂಟು ಹಚ್ಚಿ, ಇಡೀ ಹಗಲು ಒಣಗಲು ಬಿಡುತ್ತಾರೆ. ಗಂಡನ ಮುರಿದ ಮೊಣಕೈಯ ಎಕ್ಸ್‌ರೇ ಈವರೆಗೆ ಹನ್ನೊಂದು ಸ್ಪೀಕರುಗಳಿಗೆ ಆಸರೆಯಾಗಿದೆ. ಮೂಳೆ ಕೂಡಿತು, ಹಾಳೆ ಇನ್ನೂ ಡ್ಯೂಟಿಯಲ್ಲಿದೆ.

ಗಂಡನದು ಗ್ರಂಥಾಲಯದಲ್ಲಿ ನೌಕರಿ. ಹಗಲೆಲ್ಲ ಜನಕ್ಕೆ ‘ಸದ್ದು ಮಾಡಬೇಡಿ’ ಎಂದು ಹೇಳುವುದೇ ಕೆಲಸ. ಅಂಥವರು ಸಂಜೆ ಬಂದು ಊಟಕ್ಕೆ ಕೂರುವುದು ಈ ಕೋಣೆಯಲ್ಲಿ. “ನಾನು ಹಗಲು ಉಳಿಸಿದ ಮೌನಾನೆಲ್ಲ ಇವಳು ಸಂಜೆ ಖರ್ಚು ಮಾಡ್ತಾಳೆ” ಎಂದು ದೂರುತ್ತಾರೆ. ಹೆಂಡತಿಯ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆಂದು ತಿಳಿದಾಗ ಅವರು ಕೊಟ್ಟ ಸಲಹೆ, ‘ಎಲೆಮರೆಯ ಕಾಯಿ’ ಅಂತ ಬರೆಯಬೇಡಿ, ‘ಡಬ್ಬಿಮರೆಯ ಕಾಯಿಲ್’ ಅಂತ ಬರೆಯಿರಿ ಎಂದು. ನಾನು ನಕ್ಕೆ. ಕಾಯಿಲಕ್ಕ ನಗಲಿಲ್ಲ. ಈ ಜೋಕನ್ನು ಅವರು ಮೊದಲೇ ಕೇಳಿರಬೇಕು.

ಇನ್ನು ಆ ಎಂಟು ಸ್ಪೀಕರುಗಳು ಕೂರುವ ಎಂಟು ಮರದ ಡಬ್ಬಿಗಳ ಕತೆ. ಅವುಗಳ ಮಾಲೀಕರು ಪಾರ್ಟಿಗಳಿಗೆ ಸ್ಪೀಕರು ಬಾಡಿಗೆಗೆ ಕೊಡುವ ಸೌಂಡಣ್ಣ. ವಯಸ್ಸಿನಲ್ಲಿ ಆರು ವರ್ಷ ದೊಡ್ಡವರಾದರೂ ಕಾಯಿಲಕ್ಕನನ್ನು ಅಕ್ಕ ಎನ್ನುತ್ತಾರೆ, ಇವರು ತಿರುಗಿ ಅಣ್ಣ ಎನ್ನುತ್ತಾರೆ. ಒಂದೊಂದು ಡಬ್ಬಿಯೂ ಎದೆಮಟ್ಟ, ಎತ್ತಲು ನಾಲ್ಕು ಆಳು ಬೇಕು. ಮೂಲೆಗಳ ಬಣ್ಣ ಎದ್ದು ಹೋಗಿದೆ. ಆದರೆ ಸದ್ದು? ಅದನ್ನು ಕೇಳಿದವರು ಕಿವಿಯ ಸುದ್ದಿ ಹೇಳುವುದಿಲ್ಲ, ಹೊಟ್ಟೆಯ ಸುದ್ದಿ ಹೇಳುತ್ತಾರೆ. ಮಿಕ್ಸಿ ತಿನ್ನುವಷ್ಟು ಕರೆಂಟೂ ಬೇಡ, ಇಡೀ ಹಾಲ್ ತುಂಬಿಸುತ್ತವೆ. ಮದುವೆಯ ಪಾರ್ಟಿಯಿರಲಿ, ಕಾಲೇಜಿನ ಬೀಳ್ಕೊಡುಗೆಯಿರಲಿ, ಜನ ಮೊದಲು ‘ಆ ಎಂಟು ಯಾವತ್ತು ಖಾಲಿ ಇವೆ’ ಎಂದು ಕೇಳಿಕೊಂಡು, ಆಮೇಲೆ ದಿನ ಗೊತ್ತು ಮಾಡುತ್ತಿದ್ದರು. ಅಂಗೈಯಗಲದ ಹೊಸ ಸ್ಪೀಕರು ನನ್ನ ಹತ್ತಿರವೂ ಇದೆ. ಸ್ವಚ್ಛವಾಗಿ ಹಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಅದಕ್ಕಾಗಿ ಯಾರೂ ಮದುವೆ ಮುಂದೂಡಲಾರರು.

ಎರಡು ತಿಂಗಳ ಹಿಂದೆ ಎಂಟರಲ್ಲಿ ನಾಲ್ಕು ಒಂದೇ ಪಾರ್ಟಿಯಲ್ಲಿ ಸುಟ್ಟವು. ಕಾಯಿಲಕ್ಕ ನಾಲ್ಕಕ್ಕೂ ಹೊಸ ಕಾಯಿಲ್ ಸುತ್ತಿಕೊಟ್ಟರು. ಅಲ್ಲಿಂದಾಚೆ ನಡೆದ ಮೂರೂ ಪಾರ್ಟಿಗಳಲ್ಲಿ ಒಂದೇ ದೂರು. ಡಬ್ಬಿಯ ಹತ್ತಿರ ಹೋದರೆ ಗುಡುಗುತ್ತದೆ, ಹಾಲಿನ ನಡುವೆ ಕುಣಿಯುವವರಿಗೆ ಮಾತ್ರ ಪೊಳ್ಳು, ಡೋಲಿನ ಪೆಟ್ಟು ಸತ್ತೇ ಹೋಗಿದೆ. ಹಳೇ ಡಬ್ಬಿಗಳ ಕಾಲ ಮುಗಿಯಿತು ಎಂದು ಮಾತು ಹಬ್ಬಿತು. ಸೌಂಡಣ್ಣ ಇಪ್ಪತ್ತು ವರ್ಷದಿಂದ ಜೊತೆಗಿರುವ ವೈರಿಂಗ್ ಮೇಸ್ತ್ರಿಯನ್ನು ಎಲ್ಲರೆದುರು ಬೈದರು. ಕಾಯಿಲಕ್ಕನನ್ನು ಬೈಯಲಾರದೆ, ನಾಲ್ಕರಲ್ಲಿ ಎರಡು ಸ್ಪೀಕರುಗಳನ್ನು ‘ಒಮ್ಮೆ ನೋಡಿಬಿಡಿ’ ಎಂದು ವಾಪಸು ಕಳಿಸಿದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು ಎನ್ನುತ್ತಾರೆ ಇವರು.

ಒಂಬತ್ತಕ್ಕೆ ಹಾಲಿನಲ್ಲಿದ್ದೇವೆ. ಕುರ್ಚಿಗಳನ್ನೆಲ್ಲ ಗೋಡೆಗೆ ಒಟ್ಟಿದ್ದಾರೆ, ನೆಲ ಈಗಷ್ಟೇ ಒರೆಸಿದ್ದಾರೆ. ತಂದ ಎರಡನ್ನೂ ಡಬ್ಬಿಗೆ ಕೂರಿಸಿ ಆಯಿತು. ಬಲಗೋಡೆಗೆ ರಿಪೇರಿಯಾದ ನಾಲ್ಕು, ಎಡಗೋಡೆಗೆ ಎಂದೂ ಸುಡದ ನಾಲ್ಕು. ಮೇಸ್ತ್ರಿ ವೈರು ಸಿಕ್ಕಿಸುತ್ತಾರೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಸೌಂಡಣ್ಣ ಡೋಲಿನ ಹಾಡೊಂದನ್ನು ಹಾಕುತ್ತಾರೆ. ಬಲಗಡೆ ಹೋಗಿ ನಿಲ್ಲುತ್ತೇನೆ, ಶರ್ಟಿನ ಗುಂಡಿ ನಡುಗುತ್ತದೆ. ಎಡಗಡೆಯೂ ಅಷ್ಟೇ. ನಡುವಿಗೆ ಬಂದರೆ ಹಾಡಿದೆ, ಡೋಲಿಲ್ಲ. ಯಾರೋ ಅದನ್ನು ಹೊತ್ತುಕೊಂಡು ಹೋದ ಹಾಗಿದೆ.

ಕಾಯಿಲಕ್ಕ ನಡುವೆ ನಿಂತು ಅಂಗೈಯನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಎಡಗಡೆಯ ನಾಲ್ಕನ್ನೂ ಬಂದ್ ಮಾಡಿ ಎಂದು ಮೇಸ್ತ್ರಿಗೆ ಸನ್ನೆ ಮಾಡುತ್ತಾರೆ. ಅರ್ಧಕ್ಕರ್ಧ ಡಬ್ಬಿ ನಿಂತರೆ ಸದ್ದು ಇಳಿಯಬೇಕು ತಾನೆ? ಏರುತ್ತದೆ. ನಡುವೆ ನಿಂತ ನಮ್ಮೆಲ್ಲರ ಹೊಟ್ಟೆಗೆ ಡೋಲು ಬಡಿಯುತ್ತದೆ. ಸೌಂಡಣ್ಣ ಬಾಯಿ ತೆರೆದು ನೋಡುತ್ತಾರೆ. ಕಾಯಿಲಕ್ಕನ ಮುಖ ಮಾತ್ರ ಇಳಿದುಹೋಗುತ್ತದೆ.

ಹಾಡು ನಿಲ್ಲಿಸಿ, ಚೀಲದಿಂದ ಟಾರ್ಚಿನ ಸೆಲ್ಲೊಂದನ್ನೂ ಎರಡು ತುಂಡು ವೈರನ್ನೂ ತೆಗೆಯುತ್ತಾರೆ. ಬಲಗಡೆಯ ಡಬ್ಬಿಯ ವೈರು ಬಿಡಿಸಿ, ಸೆಲ್ಲಿನ ಪ್ಲಸ್ಸನ್ನು ಕೆಂಪು ತುದಿಗೆ, ಮೈನಸ್ಸನ್ನು ಕಪ್ಪಿಗೆ ತಾಗಿಸುತ್ತಾರೆ. ಕೋನ್ ಟಕ್ಕೆಂದು ಹೊರಕ್ಕೆ ಜಿಗಿಯುತ್ತದೆ. ಎಡಗಡೆಯ ಡಬ್ಬಿಗೂ ಹಾಗೇ ಮಾಡುತ್ತಾರೆ. ಅದು ಒಳಕ್ಕೆ ಜಿಗಿಯುತ್ತದೆ.

ವಿಷಯ ಇಷ್ಟೇ. ನಾಲ್ಕು ಕೋನುಗಳು ಗಾಳಿಯನ್ನು ನೂಕುವ ಹೊತ್ತಿಗೇ ಎದುರಿನ ನಾಲ್ಕು ಅದನ್ನು ಎಳೆದುಕೊಳ್ಳುತ್ತಿದ್ದವು. ನಡುವೆ ಬಂದ ಡೋಲಿನ ಪೆಟ್ಟು ಲೆಕ್ಕಕ್ಕೇ ಸಿಗದೆ ಮಾಯವಾಗುತ್ತಿತ್ತು. ಕಾರಣ ಕೇಳಿದ ಸೌಂಡಣ್ಣ ಮೇಸ್ತ್ರಿಯತ್ತ ತಿರುಗಿ, ನೀನೇ ತಾನೆ ಉಲ್ಟಾ ಸಿಕ್ಕಿಸಿದ್ದು ಎಂದು ಶುರು ಮಾಡುತ್ತಾರೆ. ಮೇಸ್ತ್ರಿ ತಲೆ ತಗ್ಗಿಸುತ್ತಾರೆ. ಮೂರು ಪಾರ್ಟಿಗಳ ಬೈಗುಳ ತಿಂದವರಿಗೆ ನಾಲ್ಕನೆಯದು ಅಭ್ಯಾಸವಾಗಿರಬೇಕು. ಆ ಕ್ಷಣ ಕಾಯಿಲಕ್ಕ ಸುಮ್ಮನಿದ್ದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ನಾಲ್ಕು ವೈರು ಅದಲು ಬದಲು ಮಾಡಿದರೆ ಡಬ್ಬಿಗಳೂ ಉಳಿಯುತ್ತಿದ್ದವು, ಹೆಸರೂ ಉಳಿಯುತ್ತಿತ್ತು. ಅದೂ ಪತ್ರಿಕೆಗೆ ಬರೆಯುವ ನನ್ನ ಮುಂದೆ.

“ಅವರದಲ್ಲ ಅಣ್ಣ, ತಪ್ಪು ನಂದು” ಎನ್ನುತ್ತಾರೆ. “ಅವರು ಕೆಂಪಿಗೆ ಕೆಂಪೇ ಸಿಕ್ಕಿಸಿದಾರೆ. ಈಗಿನ ಸ್ಪೀಕರೆಲ್ಲ ಕೆಂಪು ಮುಟ್ಟಿದ್ರೆ ಹೊರಕ್ಕೆ ಹೋಗುತ್ತೆ. ಈ ಹಳೇ ಕಂಪನಿಯವರದು ಮಾತ್ರ ಒಳಕ್ಕೆ. ಮಾವ ನಂಗೆ ಹೇಳಿಕೊಟ್ಟಿದ್ರು. ಹತ್ತು ವರ್ಷದಿಂದ ಹೊಸವನ್ನೇ ಮಾಡಿ ಮಾಡಿ, ಕೈ ಮರ್ತುಬಿಡ್ತು.”

ಸುಟ್ಟ ಸ್ಪೀಕರಿಗೆ ಸೆಲ್ಲು ಮುಟ್ಟಿಸಿದರೂ ಅದು ಬಾಯಿ ಬಿಡುವುದಿಲ್ಲ, ಮೊದಲು ಹೇಗಿತ್ತೆಂದು ಹೇಳುವುದಿಲ್ಲ. ರಿಪೇರಿಯಾದ ಮೇಲೆ ಒಂದೊಂದನ್ನೇ ಪರೀಕ್ಷಿಸಿದರೆ ನಾಲ್ಕೂ ಸರಿ. ಎದುರುಬದುರು ನಿಂತಾಗಲೇ ಜಗಳ. ಇದನ್ನೆಲ್ಲ ನಾನು ಅವರ ಪರವಾಗಿ ವಾದಿಸಿದೆ. ಕಾಯಿಲಕ್ಕ ತಲೆಯಾಡಿಸಿ, ಎಡಗಡೆಯದನ್ನು ಒಂದು ಸಲ ತರಿಸಿ ನೋಡಬಹುದಿತ್ತು ಎಂದು ನನ್ನ ಬಾಯಿ ಮುಚ್ಚಿಸಿದರು. ಮೇಸ್ತ್ರಿ ಅವರನ್ನು ನೋಡುತ್ತ ನಿಂತಿದ್ದರು. ಆ ನೋಟವನ್ನು ನಾನು ಮರೆಯಲಾರೆ.

ಹೊರಗಿನ ವೈರು ಬದಲಿಸಿದರೆ ಐದು ನಿಮಿಷದ ಕೆಲಸ ಎಂದು ಸೌಂಡಣ್ಣ ಅವಸರಿಸುತ್ತಾರೆ. ಕಾಯಿಲಕ್ಕ ಒಪ್ಪುವುದಿಲ್ಲ. ಇನ್ನೊಂದು ಹಾಲಿನಲ್ಲಿ ಇನ್ಯಾರೋ ಕೆಂಪಿಗೆ ಕೆಂಪು ಸಿಕ್ಕಿಸಿದರೆ ಮತ್ತೆ ಅದೇ ಕತೆ. ನಾಲ್ಕೂ ಸ್ಪೀಕರುಗಳನ್ನು ಡಬ್ಬಿಯಿಂದ ಬಿಚ್ಚಿಸಿ, ನೆಲದ ಮೇಲೆ ಕಾಲು ಚಾಚಿ ಕೂತು, ಒಳಗಿನ ಬೆಸುಗೆಯನ್ನೇ ಬದಲಿಸುತ್ತಾರೆ. ಮೇಸ್ತ್ರಿ ಹೇಳಿಸಿಕೊಳ್ಳದೆ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯುತ್ತಾರೆ. ಹತ್ತೂವರೆಗೆ ಹೊರಗೆ ಗುಜರಿ ಗಾಡಿಯ ಹಾರನ್ ಕೇಳಿಸುತ್ತದೆ. ಯಾರೂ ಏಳುವುದಿಲ್ಲ. ಮುಚ್ಚುವ ಮುಂಚೆ ಕಾಯಿಲಕ್ಕ ಪುಟ್ಟ ಕುಂಚವನ್ನು ಬಿಳಿ ಬಣ್ಣಕ್ಕೆ ಅದ್ದಿ, ನಾಲ್ಕೂ ಅಯಸ್ಕಾಂತಗಳ ಬೆನ್ನ ಮೇಲೆ ಏನೋ ಬರೆಯುತ್ತಾರೆ.

ಹನ್ನೊಂದಕ್ಕೆ ಎಂಟೂ ಒಟ್ಟಿಗೆ ಬಾಯಿ ತೆರೆಯುತ್ತವೆ. ನಾನು ನಡುವೆಯೇ ನಿಂತಿದ್ದೇನೆ. ಮೊದಲ ಪೆಟ್ಟು ಬೀಳುತ್ತದೆ, ಎದೆಯ ಬಾಗಿಲನ್ನು ಯಾರೋ ಒಳಗಿನಿಂದ ತಟ್ಟಿದ ಹಾಗಾಗುತ್ತದೆ. ಒಟ್ಟಿದ ಕುರ್ಚಿಗಳು ಕಟಕಟ ಎನ್ನುತ್ತವೆ. ಗುಜರಿಯವನೇ ಒಳಗೆ ಬಂದು, ತನ್ನ ತಂಗಿಯ ಮದುವೆಗೆ ಇವು ಸಿಗುತ್ತವೆಯೇ ಎಂದು ಕೂಗಿ ಕೇಳುತ್ತಾನೆ. ಸೌಂಡಣ್ಣ ಮೊದಲು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳುತ್ತಾರೆ, ಆ ಸದ್ದಿನಲ್ಲಿ ನನಗದು ಕೇಳಿಸುವುದಿಲ್ಲ. ಮೇಸ್ತ್ರಿ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ.

ವಾಪಸು ಬರುವ ದಾರಿಯಲ್ಲಿ ಕಾಯಿಲಕ್ಕನನ್ನು ಕೇಳುತ್ತೇನೆ, ಆ ತಪ್ಪಿನ ವಿಷಯವನ್ನು ಲೇಖನದಲ್ಲಿ ಬಿಟ್ಟುಬಿಡಲೇ ಎಂದು. ಬಿಟ್ಟರೆ ಬರೆಯುವುದೇ ಬೇಡ ಎನ್ನುತ್ತಾರೆ. ಅಯಸ್ಕಾಂತದ ಮೇಲೆ ಬರೆದದ್ದೇನು ಎಂದರೆ, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಿಲ್ಲುತ್ತಾರೆ.

“ಇವತ್ತಿನ ತಾರೀಕು. ಆಮೇಲೆ, ‘ಕೆಂಪು ಮುಟ್ಟಿದರೆ ಒಳಕ್ಕೆ. ಉಲ್ಟಾ ಮಾಡಿ ಕೆಡಿಸಿದ್ದು ಕಾಯಿಲಕ್ಕ, ಸರಿ ಮಾಡಿದ್ದೂ ಕಾಯಿಲಕ್ಕ.’ ಒಳಗಡೆ ಯಾರು ನೋಡ್ತಾರೆ ಅಂತೀರಾ? ನನ್ನ ನಂತರ ಅದನ್ನ ಬಿಚ್ಚೋರು ನೋಡ್ತಾರೆ. ಹಾಗೆ ಬಿಚ್ಚೋರು ಒಬ್ಬರು ಇರ್ಲಿ, ನಂಗೆ ಅಷ್ಟೇ ಆಸೆ.”