ಮೈಕ್ ಮಾವನ ಮೆಲುದನಿ
ಬೀದಿಗೆಲ್ಲ ಮೈಕ್ ಮಾವ ಎಂದೇ ಪರಿಚಿತರಾದ ಇವರಿಗೆ ಗುಟ್ಟು ಹೇಳಲು ಬರುವುದಿಲ್ಲ. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ತಲೆ ನರೆಸಿಕೊಂಡವರು; "ಉಪ್ಪು ಕಮ್ಮಿ ಕಣೇ" ಎಂದು ಹೆಂಡತಿಗೆ ಹೇಳಿದರೆ ಪಕ್ಕದ ಮನೆಯಾಕೆ ತನ್ನ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡುತ್ತಾಳೆ. ಗಿರಣಿಯ ಗದ್ದಲದಲ್ಲಿ ಕೂಗಿದರೂ ಕೇಳಿಸದು, ಹಾಗಾಗಿ ಅಲ್ಲಿನವರೆಲ್ಲ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಮಾವನಂತೂ ಮದುವೆಮನೆಯ ಆ ಮೂಲೆಯ ಗುಸುಗುಸುವನ್ನು ಈ ಮೂಲೆಯಲ್ಲೇ ಕೂತು ಓದಿ, ಊರಿಗೆಲ್ಲ ಸಾರಿ, ಹೆಂಡತಿಯಿಂದ ತಿವಿಸಿಕೊಳ್ಳುತ್ತಿದ್ದರು. ಹೊರದೇಶದ ಅಗ್ಗದ ಬಟ್ಟೆ ಬಂದು ಗಿರಣಿಗೆ ಬೀಗ ಬಿದ್ದ ಮೇಲೆ ಸರ್ಕಾರ ನೆರವು ಕೇಂದ್ರವೊಂದನ್ನು ತೆರೆದು, ಕಂಪ್ಯೂಟರ್ ಕಲಿಸಿ ಬೇರೆ ಕೆಲಸ ಕೊಡಿಸುತ್ತೇನೆಂದಿತು. ಮೌಸನ್ನು ಇಲಿಯೆಂದೇ ಕರೆಯುವ ಮಾವ ಕಲಿಸುವ ಮೇಡಂಗೆ "ಮೇಡಂ, ನಮ್ಮಿಲಿ ಓಡ್ತಿಲ್ಲ" ಎಂದದ್ದಕ್ಕೆ ಹೊರಗಿನ ಕಾವಲುಗಾರ ಪೊರಕೆ ಹಿಡಿದು ಬಂದಿದ್ದ. ತರಬೇತಿ ಮುಗಿದ ದಿನ ಹೆಂಡತಿಯನ್ನೂ ಕರೆತಂದು, ಕೆಲಸದ ಸುದ್ದಿಗಾಗಿ ಉಳಿದ ಗಿರಣಿಯವರ ಜೊತೆ ಬೆಂಚಿನ ಮೇಲೆ ಕಾದು ಕೂತರು. ಮುಚ್ಚಿದ ಗಾಜಿನ ಬಾಗಿಲಿನಾಚೆ ಕೇಂದ್ರದ ಅಧಿಕಾರಿ ಆ ಮೇಡಂಗೆ ಹೇಳುತ್ತಿದ್ದ: "ಈ ವಯಸ್ಸಿನವ್ರನ್ನ ಯಾರೂ ತಗೊಳಲ್ಲ. ಇನ್ನೊಂದು ತರಬೇತಿ ಅಂತ ಹೇಳಿ ಕಳಿಸಿಬಿಡಿ, ಆಸೆ ಇಟ್ಕೊಂಡಿರ್ಲಿ ಪಾಪ." ಗಾಜು ದನಿಯನ್ನು ತಡೆಯಿತೇ ಹೊರತು ತುಟಿಯನ್ನಲ್ಲ, ಬೆಂಚಿನ ಮೇಲಿದ್ದ ಗಿರಣಿಯವರೆಲ್ಲ ಒಟ್ಟಿಗೇ ತಲೆ ತಗ್ಗಿಸಿದರು. ಏನೂ ತಿಳಿಯದ ಹೆಂಡತಿ, "ಏನಂತಾರೆ ಅವರು?" ಎಂದಳು. "ಕೆಲಸ ಕೊಡ್ತಾರಂತೆ ಕಣೇ" ಎಂದರು ಮಾವ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. ಮದುವೆಯಾದಾಗಿನಿಂದ ಅವರ ಈ ದನಿ ಕೇಳಿರದ ಆಕೆ ಒಮ್ಮೆ ಅವರ ಮುಖ ನೋಡಿ, ಚೀಲ ಎತ್ತಿಕೊಂಡು ಎದ್ದಳು.