ಡಬ್ಬದ ಸೀಲು

ನಾನು ಗುಂಡ್ಲುಪೇಟೆಯ ಜಿಮ್ಮಲ್ಲಿ ಕೆಲಸಕ್ಕಿದ್ದಾಗ, ಹಂಗಳದ ಮಾದೇಶ ಪೊಲೀಸ್ ಕೆಲಸಕ್ಕೆ ಸೇರೋ ಓಟದ ಪರೀಕ್ಷೆಗೆ ತಯಾರಾಗ್ತಿದ್ದ. ವಯಸ್ಸಿನ ಲೆಕ್ಕದಲ್ಲಿ ಅದೇ ಅವನ ಕೊನೇ ಅವಕಾಶ. ಪ್ರೋಟೀನ್ ಪೌಡರ್ ತಂದರೆ ಸೀಲು, ತಾರೀಖು ಮೂರು ಸಲ ನೋಡಿ, ನಂಗೆ ಯಾರೂ ಮೋಸ ಮಾಡೋಕಾಗಲ್ಲ ಅನ್ನೋನು. ಅವನ ಜಂಬ ಇಳಿಸೋಣ ಅಂತ, ಅವನು ಜಿಮ್ಮಲ್ಲಿಟ್ಟಿದ್ದ ಹೊಸ ಡಬ್ಬಕ್ಕೆ ಎತ್ತಿಗೆ ಹಾಕೋ ಹಸಿ ಹುರುಳಿ ಹಿಟ್ಟು ಬೆರೆಸಿ, ಇಸ್ತ್ರಿಪೆಟ್ಟಿಗೆಯಲ್ಲಿ ಸೀಲು ಮತ್ತೆ ಅಂಟಿಸ್ಬುಟ್ಟೆ. ಒಂದು ಗುಟುಕಿಗೇ ಉಗೀತಾನೆ, ನಗಬಹುದು ಅಂದ್ಕೊಂಡಿದ್ದೆ.

ಅವನು ಅದನ್ನ ಒಡೆದಿದ್ದು ಓಟದ ದಿನ ಬೆಳಿಗ್ಗೆ. ಕಣ್ಮುಚ್ಚಿ ಪೂರ್ತಿ ಕುಡಿದ. ಚಾಮರಾಜನಗರದ ಮೈದಾನದಲ್ಲಿ ಎರಡನೇ ಸುತ್ತಿಗೇ ಹೊಟ್ಟೆ ಹಿಡ್ಕೊಂಡು ಕೂತ್ಬುಟ್ಟ.

"ಸೀಲು ಸರಿಯಾಗೇ ಇತ್ತು ಕಣ್ಲಾ," ಅಂದ, ಕಣ್ಣೊರೆಸಿಕೊಂಡು. "ಇನ್ಮೇಲೆ ನೀನೂ ಒಂದ್ಸಲ ನೋಡ್ಬುಡ್ಲಾ."

ಆಯ್ತು ಕಣ್ಲಾ ಅಂತ ಒಪ್ಕೊಂಡ್ಬುಟ್ಟೆ. ಈಗಲೂ ಯಾವ ಡಬ್ಬ ತಂದರೂ ಮೊದಲು ನನ್ನ ಕೈಗೇ ಕೊಡ್ತಾನೆ. ಸೀಲು ನೋಡೋಕೆ ನನ್ನಂಥ ನಂಬಿಕಸ್ತ ಇನ್ಯಾರು ಸಿಕ್ತಾರೆ ಹೇಳಿ!