ಬಲಕ್ಕೆ ಕೊಡುವ ಚೆಂಡು

ಶಹಾಪುರದ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಣ್ಣುಮಕ್ಕಳ ಸಮಾನತೆಯ ಪರ ನಿರರ್ಗಳವಾಗಿ ವಾದಿಸುತ್ತಿದ್ದೆ. ಆ ವಾದದ ಬಲದಿಂದಲೇ ಪ್ರಾಂಶುಪಾಲರನ್ನು ಒಪ್ಪಿಸಿ, ಹುಡುಗಿಯರ ರಗ್ಬಿ ತಂಡಕ್ಕೆ ಕಾಲುವೆ ದಂಡೆಯ ಮೈದಾನವನ್ನು ಒಂದು ವಾರದ ಮಟ್ಟಿಗೆ ಪಡೆದಿದ್ದೆ. ಅವರ ಷರತ್ತು ಸ್ಪಷ್ಟವಾಗಿತ್ತು: ಶನಿವಾರ ನಾವು ನಾಲ್ವರು ಸಾಲಾಗಿ ಓಡುತ್ತ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಚೆಂಡನ್ನು ನೆಲಕ್ಕೆ ಬೀಳಿಸದೆ ಆಚೆ ತುದಿಗೆ ಒಯ್ಯಬೇಕು. ಬಿದ್ದರೆ ಮೈದಾನ ಹುಡುಗರ ಕ್ರಿಕೆಟ್ಟಿಗೆ ಮರಳುತ್ತದೆ.

ರಗ್ಬಿಯಲ್ಲಿ ಚೆಂಡು ಹಿಡಿದು ಮುಂದಕ್ಕೆ ಓಡಬಹುದು. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ಬರುವವಳಿಗೆ ಎರಡೂ ಕೈಗಳಿಂದ ಬೀಸಿ ಕೊಡಬೇಕು. ಎಡಕ್ಕೆ ಕೊಡುವಾಗ ನನಗೆ ತೊಂದರೆಯಿರಲಿಲ್ಲ. ಬಲಕ್ಕೆ ಕೊಟ್ಟದ್ದು ಮಾತ್ರ ದಾರಿಯಲ್ಲೇ ಬೀಳುತ್ತಿತ್ತು. ಗುರುವಾರ ಸಂಜೆ ಅದು ಏಳನೆಯ ಸಲ ಬಿದ್ದಾಗ ವ್ಯಾಯಾಮ ಶಿಕ್ಷಕರು ಸೀಟಿ ಊದಿ ಆಟ ನಿಲ್ಲಿಸಿದರು.

“ಬಲಕ್ಕ ಒಗಿಯುವಾಗ ಚೆಂಡು ದೂಡೂದು ಎಡಗೈ. ನೀ ಅದನ್ನ ಯಾಕ ಹಿಂದಕ್ಕ ತಗೀತಿ?”

ಯೋಚಿಸುವ ಮೊದಲೇ ನನ್ನ ಬಾಯಿಂದ ಬಂತು: “ಎಡಗೈಲೆ ಯಾರಿಗರ ಏನರ ಕೊಡ್ತಾರೇನ್ರಿ ಸರ್?”

ನನ್ನ ಬಲಕ್ಕಿದ್ದ, ಗೋಗಿ ಊರಿನ ಗೆಳತಿ ನಕ್ಕುಬಿಟ್ಟಳು. “ಅಯ್ಯ ಯವ್ವ, ನನಗೇನ್ ಪ್ರಸಾದ ಕೊಡಾಕತ್ತಿಯೇನು? ಭಾಷಣದಾಗ ಊರೆಲ್ಲ ತಿದ್ದತಿ, ನಿನ್ನ ಕೈ ತಿದ್ದಾಕ ಬರಂಗಿಲ್ಲ!”

ಬಾಲ್ಯದಲ್ಲಿ ಅತಿಥಿಯೊಬ್ಬರಿಗೆ ಎಡಗೈಯಿಂದ ನೀರಿನ ಲೋಟ ಚಾಚಿ ತಿಂದಿದ್ದ ಪೆಟ್ಟನ್ನು ಕೈ ಇನ್ನೂ ನೆನಪಿಟ್ಟುಕೊಂಡಿತ್ತು. ಶುಕ್ರವಾರ ಬಲಗೈಯನ್ನು ಬೆನ್ನ ಹಿಂದೆ ಇರಿಸಿ, ಎಡಗೈಯೊಂದರಿಂದಲೇ ಅವಳಿಗೆ ಚೆಂಡು ಎಸೆಯುತ್ತ ಹೋದೆ. ಭುಜ ಊದಿಕೊಂಡಿತು.

ಶನಿವಾರ ಪ್ರಾಂಶುಪಾಲರು ಕಾಲುವೆ ಏರಿಯ ಮೇಲೆ ನಿಂತಿದ್ದರು. ಹುಡುಗರು ಬ್ಯಾಟು ಹಿಡಿದೇ ಬಂದಿದ್ದರು. ಸಾಲಿನಲ್ಲಿ ನಾನು ಮೂರನೆಯವಳು. ಎಡದಿಂದ ಬಂದ ಚೆಂಡು ಎದೆಗೆ ಬಡಿದು ಕೈಗೆ ಸಿಕ್ಕಿತು. ಬಲಕ್ಕೆ ತಿರುಗಿದೆ, ಎಡಗೈ ಮತ್ತೆ ಹಿಂಜರಿಯಿತು.

“ಕೊಡ, ಕೊಡ!” ಗೆಳತಿ ಕಿರುಚಿದಳು.

ದೂಡಿದೆ. ಚೆಂಡು ತೀರ ತಗ್ಗಿನಲ್ಲಿ ಹೋಯಿತು. ಅವಳು ಬಾಗಿ, ಮೊಣಕಾಲಿನ ಬಳಿ ಅದನ್ನು ಹಿಡಿದು, ಮುಗ್ಗರಿಸಿ, ಹೇಗೋ ಸಾವರಿಸಿಕೊಂಡು ಗೆರೆ ದಾಟಿದಳು.

ಏರಿಯ ಮೇಲಿದ್ದ ಪ್ರಾಂಶುಪಾಲರು ಹುಡುಗರತ್ತ ತಿರುಗಿದರು. “ವಾರದಾಗ ಮೂರು ದಿನ ಇವರು ಆಡ್ತಾರ. ನೀವು ಉಳಿದ ದಿನ ಬರ್ರಿ.”

ಕಾಲೇಜಿರುವ ಆರೂ ದಿನ ಕೇಳಬೇಕೆಂದು ನಾನು ಬಾಯಿ ತೆರೆದೆ. ಗೆಳತಿ ನನ್ನ ಕಾಲು ತುಳಿದಳು.